ಲಿರಾ ಪ್ರಯೋಗ: ಐದನೇ ವಾರಕ್ಕೆ ಮಕಾಡೆ

ಮೊದಲೇ ಹೇಳಿಬಿಡುತ್ತೇನೆ, ಇದು ಡೆಮೊ ಅಕೌಂಟ್. ಎಲ್ಲಾ ಆಟದ ದುಡ್ಡು. ಭಾರತದಲ್ಲಿ ಕೂತು ಡಾಲರ್-ಲಿರಾ (ಲಿರಾ ಅಂದರೆ ಟರ್ಕಿಯ ಕರೆನ್ಸಿ) ಟ್ರೇಡ್ ಮಾಡಲು ನಮಗೆ ಅನುಮತಿ ಇಲ್ಲ. ನಮ್ಮ ಎಕ್ಸ್‌ಚೇಂಜ್‌ಗಳಲ್ಲಿ ರೂಪಾಯಿಗೆ ಜೋಡಿಯಾಗಿ ಡಾಲರ್, ಯೂರೊ, ಪೌಂಡ್, ಯೆನ್ ಇವೆ. ಜೊತೆಗೆ ಯೂರೊ-ಡಾಲರ್, ಪೌಂಡ್-ಡಾಲರ್, ಡಾಲರ್-ಯೆನ್. ಅಷ್ಟೇ. ಅನುಮತಿ ಇಲ್ಲದ ಫಾರೆಕ್ಸ್ ಆ್ಯಪ್‌ಗಳ ಎಚ್ಚರಿಕೆ ಪಟ್ಟಿಯನ್ನೇ ರಿಸರ್ವ್ ಬ್ಯಾಂಕ್ ಇಟ್ಟಿದೆ.

ಮತ್ತೆ ಲಿರಾ ಯಾಕೆ? ಬಡ್ಡಿಯ ಆಸೆ. 2025ರ ಫೆಬ್ರವರಿಯಲ್ಲಿ ಟರ್ಕಿಯ ಸೆಂಟ್ರಲ್ ಬ್ಯಾಂಕ್ ದರ 45%. ಅಮೆರಿಕದ್ದು 4.5% ಒಳಗೇ. ಡಾಲರ್ ಮಾರಿ ಲಿರಾ ಹಿಡಿದು ಸುಮ್ನೆ ಕೂತರೂ ದಿನಾ ರಾತ್ರಿ ಸ್ವಾಪ್, ಅಂದರೆ ಎರಡು ಬಡ್ಡಿಗಳ ವ್ಯತ್ಯಾಸದ ಹಣ, ಜಮಾ ಆಗುತ್ತದೆ. ಲಿರಾ ನಿಧಾನವಾಗಿ ಕರಗುತ್ತಲೇ ಇರುತ್ತದೆ ನಿಜ. ಆದರೆ ಬಡ್ಡಿ ಅದಕ್ಕಿಂತ ಜಾಸ್ತಿ ಬಂದರೆ ಸಾಕಲ್ವಾ?

ಫೆಬ್ರವರಿ 17, ಸೋಮವಾರ. ಖಾತೆಯಲ್ಲಿ 1,000 ಡಾಲರ್. ಬ್ರೋಕರ್ ಕೊಡುವ ಸಾಲದ ಬಲದಲ್ಲಿ, ಡಾಲರ್‌ಗೆ 36.20 ಲಿರಾದಂತೆ 10,000 ಡಾಲರ್ ಮಾರಿದೆ. ಬಟನ್ ಒತ್ತಿದ ಮರುಕ್ಷಣವೇ 16.5 ಡಾಲರ್ ನಷ್ಟ ಅಂತ ಕೆಂಪಕ್ಷರ! ಸ್ಪ್ರೆಡ್ (ಕೊಳ್ಳುವ ಮತ್ತು ಮಾರುವ ಬೆಲೆಗಳ ಅಂತರ) 6 ಕುರುಷ್, ಅಂದರೆ 0.06 ಲಿರಾ. ಯೂರೊ-ಡಾಲರ್‌ನಲ್ಲಿ ಇದೇ ಸೈಜಿಗೆ ಒಂದು ಡಾಲರ್ ಹೋಗುತ್ತಿತ್ತು.

ಸ್ವಾಪ್ ದಿನಕ್ಕೆ ಸುಮಾರು 6 ಡಾಲರ್ ಬಂತು. ಬಡ್ಡಿ ವ್ಯತ್ಯಾಸದ ನೇರ ಲೆಕ್ಕ ಹಾಕಿದರೆ 11 ಬರಬೇಕಿತ್ತು. ಡೆಮೊದಲ್ಲೂ ಕೊಡೋ ಕೈ ಬಿಗಿ.

ಬುಧವಾರ ರಾತ್ರಿ ಮೂರು ದಿನದ ಸ್ವಾಪ್ ಒಟ್ಟಿಗೆ ಬರುತ್ತದೆ ಅಂತ ಓದಿದ್ದೆ. ಕಾದೆ, ಬರಲಿಲ್ಲ. ಗುರುವಾರ ಬಂತು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಯೂರೊ-ಡಾಲರ್ ವ್ಯವಹಾರ ಚುಕ್ತಾ ಆಗುವುದು ಎರಡು ದಿನಕ್ಕೆ, ಡಾಲರ್-ಲಿರಾ ಒಂದೇ ದಿನಕ್ಕೆ. ಹಾಗಾಗಿ ವಾರಾಂತ್ಯದ ಬಡ್ಡಿ ಗುರುವಾರದ ಲೆಕ್ಕಕ್ಕೆ ಬೀಳುತ್ತದೆ. ಈ ಇಡೀ ಪ್ರಯೋಗದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಇದೇ.

ಮಾರ್ಚ್ 19ರ ಬೆಳಿಗ್ಗೆ ಲೆಕ್ಕ ಹೀಗಿತ್ತು. ಸ್ವಾಪ್ 180 ಡಾಲರ್ ಬಂದಿದೆ. ಬೆಲೆ 36.70 ಆಗಿ 136 ಹೋಗಿದೆ. ಕೈಗೆ 44. ಹೆಂಡತಿಗೆ ತೋರಿಸಿದೆ. "ಆಟದ ದುಡ್ಡಿಗೆ ಇಷ್ಟು ಬೀಗ್ತೀರಲ್ಲ" ಅಂದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಫೋನ್ ನೋಡಿದರೆ ನನ್ನ ಪೊಸಿಷನ್ನೇ (ತೆರೆದಿಟ್ಟ ವ್ಯವಹಾರ) ಇಲ್ಲ. ಅಧ್ಯಕ್ಷ ಎರ್ಡೊಗಾನ್ ಅವರ ಪ್ರಮುಖ ಎದುರಾಳಿ, ಇಸ್ತಾಂಬುಲ್ ಮೇಯರ್ ಎಕ್ರೆಮ್ ಇಮಾಮೊಗ್ಲು ಅವರನ್ನು ಬೆಳಿಗ್ಗೆ ಪೊಲೀಸರು ವಶಕ್ಕೆ ಪಡೆದಿದ್ದರು. ಆ ಸುದ್ದಿಗೆ ಲಿರಾ ಕುಸಿದು ಡಾಲರ್ 41 ಲಿರಾ ದಾಟಿ ಬಂದಿತ್ತು. ನನ್ನದನ್ನು 39.90ರ ಹತ್ತಿರ ಮಾರ್ಜಿನ್ (ನಷ್ಟ ತಡೆಯಲು ಖಾತೆಯಲ್ಲಿ ಇರಲೇಬೇಕಾದ ಹಣ) ಸಾಲದೆ ಬ್ರೋಕರ್ ತಾನೇ ಮುಚ್ಚಿಬಿಟ್ಟಿದ್ದ. ಉಳಿದದ್ದು 250. ಆಮೇಲೆ ಬೆಲೆ ವಾಪಸ್ 38ರ ಸುತ್ತ ಬಂದು ನಿಂತಿತು. ಅಲ್ಲಿಯವರೆಗೆ ಖಾತೆ ತಡೆದಿದ್ದರೆ ನಷ್ಟವಾಗುತ್ತಿತ್ತು, ಆದರೆ ಸಾಯುತ್ತಿರಲಿಲ್ಲ.

ಸಂಜೆ ಹಳೇ ಚಾರ್ಟ್ ತೆಗೆದೆ. 2021ರ ಡಿಸೆಂಬರ್ 20ರಂದು ಇದರ ಉಲ್ಟಾ ನಡೆದಿದೆ. ಡಾಲರ್ 18.36ರವರೆಗೆ ಏರಿತ್ತು. ಲಿರಾ ಠೇವಣಿದಾರರಿಗೆ ವಿನಿಮಯದ ನಷ್ಟ ತುಂಬಿಕೊಡುತ್ತೇವೆ ಅಂತ ಸರ್ಕಾರ ಘೋಷಿಸಿದ್ದೇ ತಡ, ಅದೇ ರಾತ್ರಿ 13ರ ಆಸುಪಾಸಿಗೆ ಇಳಿಯಿತು. ಆ ದಿನ ಡಾಲರ್ ಕೊಂಡವರೂ ನನ್ನ ಹಾಗೇ ಊಟ ಬಿಟ್ಟಿರಬೇಕು.

ನನ್ನ ತಪ್ಪು ದಿಕ್ಕಿನದ್ದಲ್ಲ, ಸೈಜಿನದ್ದು. ಸಾವಿರ ಇಟ್ಟುಕೊಂಡು ಹತ್ತು ಸಾವಿರ ಮಾರಿದೆ. ಸ್ಟಾಪ್ ಲಾಸ್ (ಇಷ್ಟು ಬೆಲೆ ಮುಟ್ಟಿದರೆ ತಾನೇ ಮುಚ್ಚು ಅನ್ನುವ ಆದೇಶ) ಹಾಕಿದ್ದರೂ ಅಂಥ ಓಟದಲ್ಲಿ ಅದೇ ಬೆಲೆಗೆ ಸಿಗುತ್ತಿತ್ತು ಅನ್ನುವ ಖಾತ್ರಿಯಿಲ್ಲ.

ಡೆಮೊ ರೀಸೆಟ್ ಮಾಡಿ ಮತ್ತೆ ಮಾರಿದ್ದೇನೆ. ಈ ಸಲ ಬರೀ 1,000 ಡಾಲರ್. ಮೊದಲ ರಾತ್ರಿಯ ಸ್ವಾಪ್: 58 ಸೆಂಟ್.