ಕತ್ತರಿ ಹಿಡಿಯಲು ಕಲಿಸಿದ ಮೇಷ್ಟ್ರು

ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾಲೇಜಿನಿಂದ ಫೋನ್ ಬಂದಾಗ ಮೇಷ್ಟ್ರು ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಕಲಾ ಇತಿಹಾಸದ ಪರೀಕ್ಷೆಗೆ ಏನು ಓದಿದೆನೋ ಎಲ್ಲ ಮರೆತುಹೋಗಿದೆ. ಅವರು ತೋರಿಸಿದ ಜರ್ಮನ್ ಕಲಾವಿದೆ ಹನ್ನಾ ಹೋಖ್ ಮಾತ್ರ ಮರೆತಿಲ್ಲ.

ಎಂಬತ್ತರ ದಶಕ. ಜರ್ಮನ್ ಸಾಂಸ್ಕೃತಿಕ ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನದ ಲೈಬ್ರರಿಯಿಂದ ಮೇಷ್ಟ್ರು ದಪ್ಪನೆಯ ಜರ್ಮನ್ ಪುಸ್ತಕವೊಂದನ್ನು ತಂದಿದ್ದರು. ಅದರಲ್ಲಿ ಹೋಖ್ ಅವರ 1919ರ ಒಂದು ಫೋಟೋ ಕೊಲಾಜ್, ಅಂದರೆ ಫೋಟೋಗಳನ್ನು ಕತ್ತರಿಸಿ ಅಂಟಿಸಿ ಮಾಡಿದ ಚಿತ್ರ. ಅಡುಗೆಮನೆಯ ಚಾಕುವಿನಿಂದ ಅಂದಿನ ಜರ್ಮನಿಯನ್ನೇ ಕೊಯ್ಯುವ ಮಾತು ಅದರ ಉದ್ದನೆಯ ಹೆಸರಿನಲ್ಲಿತ್ತು. "ಅರ್ಥ ಗಿರ್ಥ ಆಮೇಲೆ. ಒಂದೊಂದು ತುಂಡೂ ಎಲ್ಲಿಂದ ಬಂತು, ಅದನ್ನ ಹೇಳಿ" ಎಂದರು.

ಇಡೀ ಮಧ್ಯಾಹ್ನ ಅದೇ ಆಯಿತು. ಮೇಲೆ ಐನ್‌ಸ್ಟೈನ್ ತಲೆ. ಜರ್ಮನಿಯ ಚಕ್ರವರ್ತಿಯಾಗಿದ್ದ ಕೈಸರ್ ಎರಡನೇ ವಿಲ್ಹೆಲ್ಮ್‌ನ ಮೀಸೆಯ ಜಾಗದಲ್ಲಿ ಇಬ್ಬರು ಕುಸ್ತಿಪಟುಗಳು! ಸೇನಾನಿ ಹಿಂಡೆನ್‌ಬುರ್ಗ್‌ನ ತಲೆಗೆ ನರ್ತಕಿಯ ಮೈ. ಸುತ್ತ ಚಕ್ರ, ಯಂತ್ರ, ಜನಜಂಗುಳಿ. ಕೆಳಗೆ ಬಲಮೂಲೆಯಲ್ಲಿ ಒಂದು ನಕ್ಷೆ. ಹೆಣ್ಣುಮಕ್ಕಳು ಮತ ಹಾಕಬಹುದಾದ ಯುರೋಪಿನ ದೇಶಗಳು ಅದರಲ್ಲಿದ್ದವು. ಪಕ್ಕದಲ್ಲೇ ಹೋಖ್ ಅವರ ಪುಟ್ಟ ಮುಖ. "ಸಹಿ ಎಲ್ಲಿ ಹಾಕಿದ್ದಾರೆ ನೋಡಿದ್ರಾ?" ಎಂದು ಮೇಷ್ಟ್ರು ನಮ್ಮ ಕಡೆ ತಿರುಗಿದರು. ಆ ಕ್ಲಾಸಿನಲ್ಲಿ ನಾವು ಹುಡುಗಿಯರು ಕೆಲವರೇ ಇದ್ದೆವು.

ಆಕೆಯ ಬದುಕನ್ನೂ ಅವರು ಹಾಗೆಯೇ ತುಂಡು ತುಂಡಾಗಿ ಹೇಳಿದರು. 1889ರಲ್ಲಿ ಗೋಥಾ ಊರಿನಲ್ಲಿ ಹುಟ್ಟು. ಹದಿನೈದಕ್ಕೆ ಶಾಲೆ ಬಿಡಿಸಿ ಪುಟ್ಟ ತಂಗಿಯನ್ನು ನೋಡಿಕೊಳ್ಳಲು ಹಚ್ಚಿದರು. 1916ರಿಂದ ಹತ್ತು ವರ್ಷ ಬರ್ಲಿನ್ನಿನ ಉಲ್‌ಸ್ಟೈನ್ ಪ್ರಕಾಶನದಲ್ಲಿ ಕಸೂತಿ, ಲೇಸುಗಳ ಮಾದರಿ ಬರೆಯುವ ಕೆಲಸ. ಕತ್ತರಿಗೆ ಬೇಕಾದ ಚಿತ್ರಪತ್ರಿಕೆಗಳು ಅಲ್ಲೇ ಕೈಗೆ ಸಿಕ್ಕವು. ಕಲೆಯ ಕಟ್ಟುಪಾಡುಗಳನ್ನೇ ಗೇಲಿ ಮಾಡಿದ ಡಾಡಾ ಕಲಾವಿದರ 1920ರ ಪ್ರದರ್ಶನಕ್ಕೆ ಆಕೆಯನ್ನು ಸೇರಿಸಲು ಅದೇ ಗುಂಪಿನ ಗ್ರೋಸ್ ಮತ್ತು ಹಾರ್ಟ್‌ಫೀಲ್ಡ್ ಒಪ್ಪಿರಲಿಲ್ಲ. ಇನ್ನೊಬ್ಬ ಡಾಡಾ ಕಲಾವಿದ ಹಾನ್ಸ್ ರಿಕ್ಟರ್ ಮುಂದೆ ನೆನಪು ಬರೆಯುವಾಗ ಆಕೆ ಒದಗಿಸುತ್ತಿದ್ದ ಸ್ಯಾಂಡ್‌ವಿಚ್, ಬಿಯರ್, ಕಾಫಿಯನ್ನು ನೆನೆದರು. ಇದನ್ನು ಹೇಳುವಾಗ ಮೇಷ್ಟ್ರಿಗೆ ನಿಜಕ್ಕೂ ಸಿಟ್ಟು ಬರುತ್ತಿತ್ತು. ನನಗೆ ಈಗಲೂ ಬರುತ್ತದೆ. ನಾತ್ಸಿಗಳ ಕಾಲದಲ್ಲಿ ಡಾಡಾ ಕೃತಿಗಳನ್ನು ಊರಾಚೆಯ ತನ್ನ ಪುಟ್ಟ ಮನೆಯಲ್ಲಿ ಬಚ್ಚಿಟ್ಟು ಉಳಿಸಿದ್ದು ಇದೇ ಹೋಖ್, ಅಲ್ವಾ?

ಇಷ್ಟೆಲ್ಲ ಕೇಳಿದ ಮೇಲೆ ನಾವು ಸುಮ್ಮನಿರುತ್ತೇವೆಯೇ? ಅವೆನ್ಯೂ ರಸ್ತೆಯಲ್ಲಿ ಹಳೆ ಪತ್ರಿಕೆಗಳನ್ನು ಕೆಜಿ ಲೆಕ್ಕದಲ್ಲಿ ತಂದೆವು. ಸ್ಟಾಫಿನ ಗ್ರೂಪ್ ಫೋಟೋವನ್ನು ಡಾರ್ಕ್‌ರೂಮಿನಲ್ಲಿ ದೊಡ್ಡದು ಮಾಡಿಕೊಂಡೆವು. ಕಾಲೇಜ್ ಡೇ ಬೆಳಿಗ್ಗೆ ನೋಟಿಸ್ ಬೋರ್ಡ್ ಮುಂದೆ ಜನವೋ ಜನ. ದಸರಾ ಕುಸ್ತಿಯ ಪೈಲ್ವಾನನ ಮೇಲೆ ಪ್ರಿನ್ಸಿಪಾಲರ ತಲೆ. ಡ್ರಾಯಿಂಗ್ ಮೇಷ್ಟ್ರಿಗೆ ಭರತನಾಟ್ಯದ ಮೈ. ನಮ್ಮ ಮೇಷ್ಟ್ರು ಬೆಂಗಳೂರಿನ ಅಂದಿನ ಸಿಟಿ ಬಸ್ಸಿನ, ಅಂದರೆ ಬಿಟಿಎಸ್ ಕಂಡಕ್ಟರ್.

ಪ್ರಿನ್ಸಿಪಾಲರು ಕೆಂಡವಾದರು. ಮೇಷ್ಟ್ರು ಬಂದವರೇ ಬೋರ್ಡಿಗೆ ಕನ್ನಡಕ ತಾಗುವಷ್ಟು ಹತ್ತಿರ ನಿಂತರು.

"ಭರತನಾಟ್ಯ ಯಾಕೆ?"

"ಸುಮ್ನೆ ಸಾರ್."

"ಸುಮ್ನೆ ಅಂದ್ರೆ ಬರೀ ಕೀಟಲೆ ಆಯ್ತು. ನಾನ್ಯಾಕೆ ಕಂಡಕ್ಟರು?"

ಅದು ನನ್ನ ಯೋಚನೆ. "ಎಲ್ಲರಿಗೂ ಮುಂದೆ ಹೋಗಿ, ಮುಂದೆ ಹೋಗಿ ಅಂತಾನೇ ಇರ್ತೀರಲ್ಲ ಸಾರ್" ಎಂದೆ. ಅವರು ನಕ್ಕುಬಿಟ್ಟರು. "ಇದಕ್ಕೆ ಕಾರಣ ಇದೆ. ಇದು ಚಿತ್ರ" ಎಂದು ಪ್ರಿನ್ಸಿಪಾಲರನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. ಏನು ಮಾತಾಡಿದರೋ, ಕೊಲಾಜ್ ಸಂಜೆಯವರೆಗೂ ಬೋರ್ಡಿನಲ್ಲೇ ಇತ್ತು. ಮುಂದೆ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ನನ್ನ ಕೊಲಾಜ್‌ಗಳ ಪ್ರದರ್ಶನವಾದಾಗ ಜನ ನಿಂತು ನಿಂತು ನೋಡಿದರು. ಆದರೂ ಆ ಬೆಳಗಿನ ಶಭಾಷ್‌ಗಿರಿಯೇ ನನಗೆ ದೊಡ್ಡದು.

ಈಗ ಕೆಲವು ಕಾಲೇಜುಗಳಿಗೆ ಪಾಠ ಮಾಡಲು ಹೋಗುತ್ತೇನೆ. ಮಕ್ಕಳು ಜಾಣರು, ಫೋನಿನಲ್ಲೇ ಸೊಗಸಾಗಿ ಕೊಲಾಜ್ ಮಾಡುತ್ತಾರೆ. ಆದರೆ ಎಲ್ಲಿ ಕತ್ತರಿಸಿದರು, ಎಲ್ಲಿ ಜೋಡಿಸಿದರು ಗೊತ್ತೇ ಆಗದ ಹಾಗೆ ಉಜ್ಜಿಬಿಡುತ್ತಾರೆ. ಹೋಖ್ ಆ ಅಂಚನ್ನು ಬೇಕೆಂದೇ ಬಿಟ್ಟವರು. ಮೀಸೆಯಾದ ಪೈಲ್ವಾನರಿಗೂ ಮುಖಕ್ಕೂ ನಡುವಿನ ಗೆರೆ ಕಂಡರೆ ತಾನೇ ಕೈಸರ್ ನಗೆಪಾಟಲಾಗುವುದು? ಇನ್ನು ಚಿತ್ರ ಮುಗಿಯುವ ಮೊದಲೇ ಅದರ ವಿವರಣೆ ಬರೆದು ಕೊಡಬೇಕಂತೆ. ಒಂದೇ ಚಿತ್ರಕ್ಕೆ ಇಡೀ ಮಧ್ಯಾಹ್ನ ಕೊಡಲು ಟೈಮ್‌ಟೇಬಲ್ಲಿನಲ್ಲಿ ಜಾಗವೇ ಇಲ್ಲ.

ಮೇಷ್ಟ್ರು ಆಯ್ದಿಟ್ಟ ಪತ್ರಿಕೆಯ ತುಂಡುಗಳು ಅವರ ಮನೆಯ ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಗಳಲ್ಲಿವೆ. ಕಾಲೇಜಿಗೆ ಕೊಡಲು ಅವರ ಮಗಳು ಒಪ್ಪಿದ್ದಾರೆ. ಲೈಬ್ರರಿಯಲ್ಲಿ ಒಂದು ಬೀರು ಬಿಟ್ಟುಕೊಡಿ. ತುಂಡುಗಳನ್ನು ವಿಂಗಡಿಸಿ ಜೋಡಿಸಿಡಲು ನಾನೇ ಬರುತ್ತೇನೆ.