ಡೆಶೂಟ್ಸ್‌ನಿಂದ ಜಾನ್ ಡೇವರೆಗೆ: ಥರ್ಮಾಮೀಟರ್ ತೋರಿಸಿದ ದಾರಿ

ಅಮೆರಿಕದ ಆರಿಗನ್ ರಾಜ್ಯದ ಹಿಲ್ಸ್‌ಬರೋದಲ್ಲಿ ನೆಲೆಸಿರುವ ನಮ್ಮ ಭಾವನವರ ಕಾರಿನ ಡಿಕ್ಕಿಯಲ್ಲಿ ಗಾಳದ ಸಾಮಾನು ವರ್ಷವಿಡೀ ಬಿದ್ದಿರುತ್ತದೆ. ಅದರಲ್ಲಿ ಅವರು ಎಲ್ಲಕ್ಕಿಂತ ಜೋಪಾನ ಮಾಡುವುದು ದುಬಾರಿಯ ಕೋಲನ್ನಲ್ಲ, ಗಟ್ಟಿ ದಾರ ಕಟ್ಟಿದ ಒಂದು ಸಣ್ಣ ಥರ್ಮಾಮೀಟರನ್ನು. ಸೆಪ್ಟೆಂಬರ್ ಮೂರನೆಯ ವಾರದ ಗುರುವಾರ ಬೆಳಿಗ್ಗೆ ನಾವಿಬ್ಬರೂ ಹೊರಟಾಗ ಅದನ್ನು ನನ್ನ ಕೈಗೆ ಕೊಟ್ಟು, “ಇದು ನಿನ್ನ ಜವಾಬ್ದಾರಿ. ಮೀನು ಎಲ್ಲಿದೆ ಅಂತ ನನ್ನ ಕೇಳಬೇಡ, ಇದನ್ನ ಕೇಳು” ಎಂದರು. ಮಳವಳ್ಳಿ ಕಡೆಯವನಾದ ನಾನು ಹುಡುಗನಾಗಿದ್ದಾಗ ಶಿಂಷಾ ಹೊಳೆಯಲ್ಲಿ ಎರೆಹುಳವನ್ನೂ ರಾಗಿಮುದ್ದೆಯ ಉಂಡೆಯನ್ನೂ ಸಿಕ್ಕಿಸಿ ಗಾಳ ಹಾಕಿದವನು. ಹೊಳೆಗೆ ಜ್ವರ ನೋಡುವ ಪದ್ಧತಿ ನನಗೆ ಆಗ ತಮಾಷೆಯಾಗಿಯೇ ಕಂಡಿತು.

ಪೋರ್ಟ್‌ಲ್ಯಾಂಡ್ ಕಡೆಯಿಂದ ಡೆಶೂಟ್ಸ್ ನದಿಯ ದಂಡೆಯ ಮಾಪಿನ್ ಎಂಬ ಪುಟ್ಟ ಊರಿಗೆ ಸುಮಾರು 160 ಕಿಲೋಮೀಟರ್. ದಾರಿ 3,429 ಮೀಟರ್ ಎತ್ತರದ ಮೌಂಟ್ ಹುಡ್ ಪರ್ವತದ ಮಗ್ಗುಲಲ್ಲಿ ಹಾದುಹೋಗುತ್ತದೆ. ಸಕಲೇಶಪುರದಿಂದ ಹೊರಟವರು ಅರಸೀಕೆರೆ ಮುಟ್ಟುವಷ್ಟರಲ್ಲಿ ಹಸಿರು ಬತ್ತಿ ಬಯಲು ತೆರೆದುಕೊಳ್ಳುವಂತೆ, ಪಡುವಣದ ಒದ್ದೆ ಕಾಡು ಘಟ್ಟ ದಾಟಿದ ಸ್ವಲ್ಪ ಹೊತ್ತಿಗೇ ಮಾಯವಾಗಿ, ಒಣಹುಲ್ಲು ಮತ್ತು ಬೂದು ಬಣ್ಣದ ಕುರುಚಲು ಗಿಡಗಳ ಸೀಮೆ ಎದುರಾಗುತ್ತದೆ. ಕಾರಣವೂ ಒಂದೇ: ಮೋಡಗಳು ಘಟ್ಟದ ಆಚೆಯೇ ನೀರು ಸುರಿಸಿಬಿಡುತ್ತವೆ. ಆ ಬರಡು ಸೀಮೆಯಲ್ಲಿ ಕಪ್ಪು ಬಸಾಲ್ಟ್ ಬಂಡೆಯ ಕೊರಕಲಿನ ತಳದಲ್ಲಿ ಡೆಶೂಟ್ಸ್ ಹಸಿರಾಗಿ, ರಭಸವಾಗಿ ಉತ್ತರಕ್ಕೆ ಹರಿದು ಕೊಲಂಬಿಯಾ ನದಿಯನ್ನು ಸೇರುತ್ತದೆ. ಅಣೆಕಟ್ಟುಗಳ ಕೆಳಗಿನ ಕೊನೆಯ 160 ಕಿಲೋಮೀಟರುಗಳಷ್ಟು ಉದ್ದಕ್ಕೆ ಗಾಳದವರಲ್ಲಿ ದೊಡ್ಡ ಹೆಸರು. ಇಲ್ಲಿ ದೋಣಿಯಲ್ಲಿ ಕುಳಿತು ಗಾಳ ಹಾಕುವಂತಿಲ್ಲ. ದೋಣಿಯಲ್ಲಿ ಬಂದವರೂ ಇಳಿದು, ನೀರಿನಲ್ಲಿ ಕಾಲೂರಿ ನಿಂತೇ ಗಾಳ ಬೀಸಬೇಕು. ನದಿಯ ಬಹುಪಾಲು ಭಾಗದಲ್ಲಿ ನಿಜವಾದ ಹುಳ, ಮಾಂಸ ಯಾವುದನ್ನೂ ಬಳಸುವಂತಿಲ್ಲ. ಕೊಕ್ಕೆಗೆ ಹಿಮ್ಮುಳ್ಳು ಇರಬಾರದು. ಹಿಮ್ಮುಳ್ಳಿಲ್ಲದ ಕೊಕ್ಕೆಯಿಂದ ಮೀನನ್ನು ಗಾಯ ಮಾಡದೆ ಬಿಡಿಸಬಹುದು. ಅಷ್ಟೇ ಸುಲಭವಾಗಿ ಮೀನು ತಾನಾಗಿ ಬಿಡಿಸಿಕೊಳ್ಳಲೂಬಹುದು.

ಅಂದು ಸಂಜೆ ಟ್ರೌಟ್ ಎಂಬ ತಣ್ಣೀರಿನ ಮೀನಿನ ಸರದಿ. ಥರ್ಮಾಮೀಟರನ್ನು ನೆರಳಿನ ನೀರಿನಲ್ಲಿ ಎರಡು ನಿಮಿಷ ಮುಳುಗಿಸಿ ತೆಗೆದಾಗ 16 ಡಿಗ್ರಿ ತೋರಿಸಿತು. ಬಿಸಿಲು ಕೊರಕಲಿನ ಅಂಚಿಗೆ ಏರಿದ್ದೇ ತಡ, ದಂಡೆಯ ಮರಗಳಿಂದ ಕ್ಯಾಡಿಸ್ ಎಂಬ ಕಂದು ರೆಕ್ಕೆಯ ಹುಳುಗಳು ಮೊಟ್ಟೆಯಿಡಲು ನೀರಿನ ಮೇಲೆ ಸುಳಿದಾಡತೊಡಗಿದವು, ಅವನ್ನು ನುಂಗಲು ಮೀನು ಮೇಲೆದ್ದಲ್ಲೆಲ್ಲ ಕೊಂಬೆಗಳ ಕೆಳಗಿನ ನಿಧಾನದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಏಳತೊಡಗಿದವು. ನಮ್ಮ ಹುಸಿ ನೊಣ ಎಲ್ಕ್ ಜಿಂಕೆಯ ಕೂದಲನ್ನು ಕೊಕ್ಕೆಗೆ ಸುತ್ತಿ ಕಟ್ಟಿದ್ದು. ಟೊಳ್ಳು ಕೂದಲಾದ್ದರಿಂದ ತೇಲುತ್ತದೆ. ಕೈತಪ್ಪಿ ಎರಡು ಸಲ ಕೊಂಬೆಗೆ ಸಿಕ್ಕಿಸಿದ ಮೇಲೆ ಮೂರನೆಯ ಬೀಸಿಗೆ ಅದು ಬಳೆಯ ಒಂದು ಮೊಳ ಮೇಲೆ ಇಳಿಯಿತು, ತೇಲುತ್ತಾ ಬಂತು, ಇಲ್ಲವಾಯಿತು. ಬಂದದ್ದು ಒಂದಡಿಗೂ ಸ್ವಲ್ಪ ಉದ್ದದ ಟ್ರೌಟ್. ಬೆನ್ನು ಪಾಚಿಯ ಹಸಿರು, ಮೈತುಂಬ ಸಾಸಿವೆಯಂಥ ಕರಿ ಚುಕ್ಕೆಗಳು, ಕಿವಿರಿನಿಂದ ಬಾಲದವರೆಗೆ ಕುಂಕುಮ ಸವರಿದಂತೆ ಒಂದು ಪಟ್ಟೆ. ಆ ಪಟ್ಟೆಯಿಂದಲೇ ಇಲ್ಲಿನವರು ಇದನ್ನು ರೆಡ್‌ಸೈಡ್ ಎನ್ನುತ್ತಾರೆ.

ಈ ಟ್ರೌಟ್ ಮತ್ತು ಮರುದಿನ ನಾವು ಹುಡುಕಬೇಕಿದ್ದ ಸ್ಟೀಲ್‌ಹೆಡ್ ಒಂದೇ ಜಾತಿಯ ಮೀನುಗಳು ಎಂಬುದು ನನಗೆ ಎಷ್ಟು ಸಲ ಕೇಳಿದರೂ ಸೋಜಿಗವೇ. ಒಂದೇ ಹೊಳೆಯ ಜಲ್ಲಿಯಲ್ಲಿ ಹುಟ್ಟಿದ ಮರಿಗಳಲ್ಲಿ ಕೆಲವು ಊರಲ್ಲೇ ಉಳಿದು ಟ್ರೌಟ್ ಆಗುತ್ತವೆ, ಕೆಲವು ಪೆಸಿಫಿಕ್ ಸಾಗರಕ್ಕೆ ಇಳಿದು ಮೈ ಬೆಳೆಸಿಕೊಂಡು ಸ್ಟೀಲ್‌ಹೆಡ್ ಆಗಿ ಹಿಂದಿರುಗುತ್ತವೆ. ಡೆಶೂಟ್ಸ್‌ಗೆ ಅವು ಬರುವುದು ಜುಲೈಯಿಂದ ಅಕ್ಟೋಬರ್‌ವರೆಗೆ. ಮೊಟ್ಟೆಯಿಡುವುದು ಮುಂದಿನ ವಸಂತದಲ್ಲಿ. ಅಲ್ಲಿಯವರೆಗೆ ಅವು ಹೆಚ್ಚುಕಡಿಮೆ ಉಪವಾಸ. ಕಡಲಿನಿಂದ ಇಲ್ಲಿಗೆ ಬರಲು ಬಾನವಿಲ್ ಮತ್ತು ದ ಡ್ಯಾಲಸ್ ಎಂಬ ಎರಡು ಅಣೆಕಟ್ಟುಗಳಲ್ಲಿ ಮೀನು ದಾಟಲೆಂದೇ ಕಟ್ಟಿದ ನೀರಿನ ಮೆಟ್ಟಿಲುಗಳನ್ನು ಏರಬೇಕು. ಆಗಸ್ಟಿನಲ್ಲಿ ಕೊಲಂಬಿಯಾದ ನೀರು 20 ಡಿಗ್ರಿ ದಾಟುವುದರಿಂದ, ದೂರದ ಐಡಹೋಗೆ ಹೊರಟ ಮೀನುಗಳು ಕೂಡ ತಂಪು ಹುಡುಕಿಕೊಂಡು ಡೆಶೂಟ್ಸ್‌ನ ಬಾಯಿಗೆ ಬಂದು ಬೀಡುಬಿಡುತ್ತವೆ. ಭಾವ ಥರ್ಮಾಮೀಟರನ್ನು ಅಷ್ಟೇಕೆ ನೆಚ್ಚುತ್ತಾರೆಂಬುದು ಇಲ್ಲಿಗೆ ಬಂದಾಗ ಅರ್ಥವಾಯಿತು. ನೀರು 20 ಡಿಗ್ರಿ ಮುಟ್ಟಿದರೆ ಅವರು ಕೋಲು ಮಡಚಿಡುತ್ತಾರೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ದಣಿದ ಮೀನನ್ನು ಬಿಟ್ಟರೂ ಅದು ಬದುಕುವ ಭರವಸೆಯಿಲ್ಲ.

ಸೂರ್ಯೋದಯಕ್ಕೆ ಒಂದು ಗಂಟೆ ಮೊದಲು ಗಾಳ ಹಾಕಲು ಕಾನೂನು ಅವಕಾಶ ಕೊಡುತ್ತದೆ, ಮರುದಿನ ನಾವು ಆ ಹೊತ್ತಿಗೆ ಸೊಂಟದವರೆಗೆ ನೀರಿನಲ್ಲಿದ್ದೆವು. ನೀರು 14 ಡಿಗ್ರಿ. ಎದೆಮಟ್ಟದ ರಬ್ಬರ್ ಉಡುಪಾದ ವೇಡರ್ಸ್, ಮೊಳೆ ಬಡಿದ ಬೂಟು, ಊರುಗೋಲು ಇಷ್ಟೂ ಇದ್ದರೂ ಡೆಶೂಟ್ಸ್‌ನ ನುಣ್ಣನೆಯ ಬಂಡೆಗಳ ಮೇಲೆ ನಡೆಯುವುದೆಂದರೆ ಎಣ್ಣೆ ಹಚ್ಚಿದ ತೆಂಗಿನಕಾಯಿಗಳ ರಾಶಿಯ ಮೇಲೆ ನಡೆದಂತೆ. ಹದಿಮೂರು ಅಡಿ ಉದ್ದದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ದಾರವನ್ನು ಹೊಳೆಗೆ ಓರೆಯಾಗಿ, ಕೆಳದಿಕ್ಕಿಗೆ ಬೀಸಬೇಕು. ಸೆಳವು ದಾರವನ್ನು ಬಾಗಿಸಿದರೆ ಅದನ್ನೆತ್ತಿ ಮೇಲಕ್ಕೆ ಮಗುಚಬೇಕು. ಕಪ್ಪು ಮೈ, ಹಸಿರು ಬುಡ, ಬಿಳಿ ರೆಕ್ಕೆಯ ಹುಸಿ ನೊಣ ಬಿಲ್ಲಿನಂತೆ ಬಳಸಿ ದಂಡೆಯ ಕಡೆಗೆ ತೂಗಿ ಬರುತ್ತದೆ. ಅದು ನೇರ ಕೆಳಗೆ ಬಂದು ನಿಂತ ಮೇಲೆ ಎರಡು ಹೆಜ್ಜೆ ಕೆಳಗಿಳಿದು ಮತ್ತೆ ಬೀಸಬೇಕು. ಬೀಸು, ಮಗುಚು, ಕಾಯಿ, ಎರಡು ಹೆಜ್ಜೆ. ಉಪವಾಸದ ಮೀನು ಹಸಿವಿಗಾಗಿ ಕಚ್ಚುವುದಿಲ್ಲ. ತನ್ನ ಮುಂದೆ ಹಾದದ್ದರ ಮೇಲೆ ಸಿಟ್ಟಿಗೋ ಹಳೆಯ ಅಭ್ಯಾಸಕ್ಕೋ ಎರಗುತ್ತದೆಂದು ಬಲ್ಲವರು ಊಹಿಸುತ್ತಾರೆ. ಸಾವಿರ ಬೀಸಿಗೆ ಒಂದು ಮೀನು ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ನಾನು ಎಣಿಸಲು ಹೊರಟು ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿದೆ.

ಕಾಲಿನ ಬೆರಳುಗಳು ಮರಗಟ್ಟಿ, ಮನಸ್ಸು ಕಾಫಿಯ ಕಡೆಗೆ ಹೋಗಿದ್ದ ಹೊತ್ತಿನಲ್ಲಿ ದಾರ ನಿಂತಿತು. ಬಂಡೆಗೆ ಸಿಕ್ಕಿತೆಂದುಕೊಳ್ಳುವಷ್ಟರಲ್ಲಿ ಆ ಬಂಡೆ ಹೊರಳಿತು. ಇಂಥ ಗಳಿಗೆಯಲ್ಲಿ ಏನೂ ಮಾಡಬಾರದು, ಮೀನು ತಿರುಗಿ ರೀಲಿನಿಂದ ದಾರ ಎಳೆದುಕೊಂಡು ಹೋಗಲು ಬಿಡಬೇಕು, ಆಗ ಕೊಕ್ಕೆ ತಾನಾಗಿ ಬಾಯಂಚಿಗೆ ನಾಟುತ್ತದೆ ಎಂದು ಭಾವ ಹಿಂದಿನ ರಾತ್ರಿ ಮೂರು ಸಲ ಹೇಳಿದ್ದರು. ಆದರೆ ಶಿಂಷಾದ ದಂಡೆಯಲ್ಲಿ ಕಲಿತ ಪಾಠ ಕೈಗಳಲ್ಲೇ ಉಳಿದಿತ್ತು: ಬೆಂಡು ಅಲುಗಿದರೆ ಎಳಿ. ನಾನು ಎಳೆದೆ. ಬೆಳ್ಳಿಯ ಒಂದು ಮಗ್ಗುಲು ನೀರಿನ ಮೇಲೆ ಕಾಣಿಸಿ ಮುಳುಗಿತು, ದಾರ ಸಡಿಲಾಗಿ ನನ್ನ ಕಡೆಗೆ ತೇಲಿ ಬಂತು, ನಾನು ಆಯ ತಪ್ಪಿ ಕುಳಿತೆ, ವೇಡರ್ಸ್‌ನ ಬೆನ್ನಿನ ಕಡೆಯಿಂದ ತಣ್ಣೀರು ಒಳಗಿಳಿಯಿತು. ಸೊಂಟದ ಪಟ್ಟಿ ಬಿಗಿಯಾಗಿದ್ದುದರಿಂದ ಅದು ಕಾಲಿನವರೆಗೆ ತುಂಬಲಿಲ್ಲ. ನಲವತ್ತು ಗಜ ಮೇಲಿದ್ದ ಭಾವ, “ಎಳೆದೆಯಾ?” ಎಂದು ಕೂಗಿ ಕೇಳಿದರು. “ಎಳೆದೆ ಭಾವ” ಎಂದೆ. ಅದರ ಮೇಲೆ ಅವರು ಒಂದು ಮಾತನ್ನೂ ಆಡಲಿಲ್ಲ, ಎರಡು ಹೆಜ್ಜೆ ಕೆಳಗಿಳಿದು ಮತ್ತೆ ಬೀಸಿದರು.

ಮಧ್ಯಾಹ್ನ ಕೆಳಗಿನ ಶೆರಾರ್ಸ್ ಜಲಪಾತಕ್ಕೆ ಹೋದೆವು. ಇಡೀ ಹೊಳೆ ಕಿರಿದಾದ ಬಂಡೆಯ ಸೀಳಿನಲ್ಲಿ ನುಗ್ಗುವ ಈ ಜಾಗದಲ್ಲಿ ವಾರ್ಮ್ ಸ್ಪ್ರಿಂಗ್ಸ್‌ನ ಮೂಲನಿವಾಸಿಗಳು ಬಂಡೆಗೆ ಕಟ್ಟಿದ ಮರದ ಅಟ್ಟಣೆಗಳ ಮೇಲೆ ನಿಂತು, ಉದ್ದ ಹಿಡಿಯ ಬುಟ್ಟಿಬಲೆಗಳಿಂದ ಇಂದಿಗೂ ಸಾಲ್ಮನ್ ಹಿಡಿಯುತ್ತಾರೆ. 1855ರ ಒಪ್ಪಂದದಲ್ಲಿ ತಮ್ಮ ನೆಲದ ಬಹುಭಾಗವನ್ನು ಬಿಟ್ಟುಕೊಟ್ಟಾಗಲೂ ಅವರ ಹಿರಿಯರು ಮೀನಿನ ಹಕ್ಕನ್ನು ಬಿಟ್ಟುಕೊಡಲಿಲ್ಲ. ಇದಕ್ಕಿಂತ ಬಹಳ ದೊಡ್ಡದಾಗಿದ್ದ, ಕೊಲಂಬಿಯಾದ ಸಿಲೈಲೋ ಜಲಪಾತ 1957ರ ಮಾರ್ಚ್ 10ರಂದು ಡ್ಯಾಲಸ್ ಅಣೆಕಟ್ಟಿನ ಹಿನ್ನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಮುಳುಗಿಹೋಯಿತು. ಹೊಟ್ಟೆಪಾಡಿಗೂ ಪೂಜೆಗೂ ಮೀನು ಹಿಡಿಯುವವರ ಎದುರಿಗೆ, ಹಿಡಿದು ಬಿಡುವುದಕ್ಕೆಂದೇ ನೂರಾರು ಮೈಲಿ ಓಡಾಡುವ ನಮ್ಮ ಹವ್ಯಾಸದ ಬಗ್ಗೆ ನನಗೆ ಸ್ವಲ್ಪ ಸಂಕೋಚವೇ ಆಯಿತು.

ಸಂಜೆಗೆ ಇನ್ನೂ ಕೆಳಗೆ, ಮ್ಯಾಕ್ಸ್ ಕ್ಯಾನ್ಯನ್ ಕಡೆಯ ಜಲ್ಲಿ ರಸ್ತೆಯಲ್ಲಿ ಹೋಗುವ ಯೋಜನೆಯಿತ್ತು. ಆ ರಸ್ತೆ ಒಂದು ಕಾಲದ ರೈಲು ಹಾದಿ. 1909ರಿಂದ ಎರಡು ವರ್ಷ, ಹಿಲ್ ಮತ್ತು ಹ್ಯಾರಿಮನ್ ಎಂಬ ಇಬ್ಬರು ರೈಲು ಧಣಿಗಳ ಕಂಪನಿಗಳು ಹಟಕ್ಕೆ ಬಿದ್ದು ಈ ಕೊರಕಲಿನ ಎರಡು ದಂಡೆಗಳಲ್ಲೂ ಹಳಿ ಹಾಕಿಸಿದವು. ಇಂದು ರೈಲು ಓಡುವುದು ಒಂದರಲ್ಲಿ ಮಾತ್ರ. ಆದರೆ ಅಂದು ಮಧ್ಯಾಹ್ನ ಬಿಸಿಲು 32 ಡಿಗ್ರಿಗೆ ಏರಿತ್ತು. ಮೌಂಟ್ ಹುಡ್‌ನ ಹಿಮನದಿಯಲ್ಲಿ ಹುಟ್ಟುವ ವೈಟ್ ರಿವರ್ ಎಂಬ ಉಪನದಿ ಮಾಪಿನ್‌ಗೂ ಈ ಜಲಪಾತಕ್ಕೂ ನಡುವೆ ಡೆಶೂಟ್ಸ್‌ಗೆ ಸೇರುತ್ತದೆ. ಬಿಸಿಲಿಗೆ ಹಿಮ ಕರಗಿದಾಗ ಅದು ಬಂಡೆ ತೇಯ್ದ ಹಿಟ್ಟಿನಂಥ ಹೂಳನ್ನು ಹೊತ್ತು ತರುತ್ತದೆ. ನಾವು ನೋಡುತ್ತಿದ್ದ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು, ಮೊಣಕಾಲಿನ ಆಳದಲ್ಲಿ ನನ್ನ ಬೂಟೇ ನನಗೆ ಕಾಣಿಸಲಿಲ್ಲ. ಇಂಥ ನೀರಿನಲ್ಲಿ ಮೀನಿಗೆ ಹುಸಿ ನೊಣ ಕಾಣುವ ಮಾತೇ ಇಲ್ಲ. ಶನಿವಾರ ನಸುಕಿಗೆ ವೈಟ್ ರಿವರ್‌ನ ಮೇಲಿನ ತಿಳಿನೀರಿನಲ್ಲಿ ಇನ್ನೊಮ್ಮೆ ಬೀಸಿ, ಏನೂ ತಾಗದೆ, ಪೂರ್ವಕ್ಕೆ ಹೊರಟೆವು.

ಗ್ರಾಸ್ ವ್ಯಾಲಿ ಎಂಬ ಊರಿನ ಸುತ್ತಲಿನ ಕೊಯ್ದ ಗೋಧಿ ಹೊಲಗಳನ್ನೂ ಗಾಳಿಯಂತ್ರಗಳ ಸಾಲುಗಳನ್ನೂ ದಾಟಿ, 2013ರಲ್ಲಿ ತೆರೆದ ಕಾಟನ್‌ವುಡ್ ಕ್ಯಾನ್ಯನ್ ಉದ್ಯಾನಕ್ಕೆ ಬಂದಾಗ ಜಾನ್ ಡೇ ನದಿ ಬೇಸಿಗೆಯ ನಮ್ಮ ಹಳ್ಳದಂತೆ ಸೊರಗಿ, ಬಂಡೆಗಳ ನಡುವೆ ಮಡುವಿನಿಂದ ಮಡುವಿಗೆ ಜಿನುಗುತ್ತಿತ್ತು. 457 ಕಿಲೋಮೀಟರ್ ಉದ್ದದ ಈ ನದಿಗೆ ಅಡ್ಡಲಾಗಿ ಒಂದು ಅಣೆಕಟ್ಟೂ ಇಲ್ಲ. ಥರ್ಮಾಮೀಟರ್ 21 ಎಂದಿತು. ಭಾವ ಉದ್ದದ ಕೋಲನ್ನು ಚೀಲದಿಂದ ತೆಗೆಯಲೇ ಇಲ್ಲ. ಈ ಹೊಳೆಯ ಸ್ಟೀಲ್‌ಹೆಡ್‌ಗಳು ನೀರು ತಣ್ಣಗಾಗುವವರೆಗೆ ಕೊಲಂಬಿಯಾದಲ್ಲೇ ಕಾಯುತ್ತವೆ. ಟ್ರೌಟ್‌ಗೆ ಹಿಂಸೆಯಾಗುವ ಈ ಬಿಸುಪೇ ಸ್ಮಾಲ್‌ಮೌತ್ ಬಾಸ್‌ಗೆ ಹಿತ. 1971ರಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆಯೇ ತಂದು ಬಿಟ್ಟ ಈ ಹೊರಗಿನ ಮೀನು ಇಲ್ಲಿ ಹುಲುಸಾಗಿ ಬೆಳೆದು, ಈಗ ಸ್ಥಳೀಯ ಮೀನುಗಳ ಮರಿಗಳನ್ನು ತಿನ್ನುತ್ತದೆಂಬ ದೂರಿಗೆ ಗುರಿಯಾಗಿದೆ. ಎಷ್ಟು ಹಿಡಿದರೂ ಮಿತಿಯಿಲ್ಲ.

ಬೆಂಡಿನಿಂದ ಮಾಡಿದ, ನೀರಿನ ಮೇಲೆ ಪುಟಿಯುವ ಪಾಪರ್ ಎಂಬ ಹುಸಿ ಹುಳವನ್ನು ಬಂಡೆಯ ನೆರಳಿಗೆ ಎಸೆದು ಒಂದು ಸಲ ಜಗ್ಗಿದರೆ ಸಾಕು, ಬುಳಕ್ ಎಂದು ಬಾಸ್ ಮೇಲೇಳುತ್ತಿತ್ತು. ಇದು ನನ್ನ ಕೈಗೆ ಗೊತ್ತಿದ್ದ ಆಟ. ಇಲ್ಲಿ ಎಳೆಯಲೇಬೇಕು. ಗಂಟೆಯೊಳಗೆ ಹನ್ನೊಂದು ಸಿಕ್ಕವು, ದೊಡ್ಡದು ಮೊಣಕೈ ಉದ್ದ. “ನಿನ್ನ ಮಳವಳ್ಳಿ ವಿದ್ಯೆಗೆ ಸರಿಯಾದ ಹೊಳೆ ಇದೇ ಕಣಪ್ಪ” ಎಂದು ಭಾವ ನಕ್ಕರು. ಅವರಿಗೆ ಸಿಕ್ಕಿದ್ದು ಮೂರು.

ನಾಲ್ಕನ್ನು ಮಾತ್ರ ಇಟ್ಟುಕೊಂಡೆವು. ಒಣಹುಲ್ಲಿನ ಕಾಲವಾದ್ದರಿಂದ ಸೌದೆ ಬೆಂಕಿಗೆ ನಿಷೇಧವಿತ್ತು. ಅಕ್ಕ ಪೊಟ್ಟಣ ಕಟ್ಟಿಕೊಟ್ಟಿದ್ದ ಖಾರದಪುಡಿ, ಅರಿಸಿನ, ಹುಣಸೆರಸ, ಅಕ್ಕಿಹಿಟ್ಟನ್ನು ಕಲಸಿ ಮೀನಿಗೆ ಹಚ್ಚಿ ಗ್ಯಾಸ್ ಒಲೆಯ ಮೇಲಿನ ಕಾವಲಿಗೆ ಹಾಕುವಾಗ ಕತ್ತಲಾಗಿತ್ತು. ನಾನು ಟಾರ್ಚ್ ಹಿಡಿದು ಹೊಳೆಗೆ ಹೋಗಿ ಥರ್ಮಾಮೀಟರ್ ಇಳಿಬಿಟ್ಟು ಬಂದೆ. “ಎಷ್ಟು?” ಎಂದರು ಭಾವ, ಮೀನು ಮಗುಚುತ್ತಾ. “ಹತ್ತೊಂಬತ್ತು.” “ಇಳೀತಾ ಇದೆ. ಅಕ್ಟೋಬರ್ ಕೊನೆಗೆ ಸರಿಹೋಗುತ್ತೆ” ಎಂದು ಅವರು ಆಗಲೇ ರಜೆಯ ಲೆಕ್ಕ ಹಾಕತೊಡಗಿದರು.