ಕಲ್ಲಿನ ಸಾಲುಗಳಲ್ಲಿ ಮೂಡುವ ನಾಯಿ

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ, ಇಟಲಿಯ ರೋಮನ್ ನಗರವಾದ ಪಾಂಪೆಯಲ್ಲಿ, ‘ದುರಂತ ಕವಿಯ ಮನೆ’ ಎಂದು ಹೆಸರಾದ ಮನೆಯ ಬಾಗಿಲು ದಾಟಿದೊಡನೆ, ಸರಪಳಿ ಬಿಗಿದ ಕಪ್ಪು ನಾಯಿಯೊಂದು ನೆಲದ ಮೊಸಾಯಿಕ್‌ನಲ್ಲಿ, ಅಂದರೆ ಕಲ್ಲಿನ ಸಣ್ಣ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರದಲ್ಲಿ, ಹಲ್ಲು ಕಿರಿದು ಎಗರಲು ಸಿದ್ಧವಾಗಿದೆ. ಅದರ ಕೆಳಗೆ ನಾಯಿಯ ಬಗ್ಗೆ ಎಚ್ಚರವಿರಲಿ ಎಂಬ ಲ್ಯಾಟಿನ್ ಬರಹವೂ ಇದೆ. ನಮ್ಮ ಗೇಟುಗಳ ಫಲಕ ಹೊಸತೇನೂ ಅಲ್ಲ. ಈ ನಾಯಿಯನ್ನೇ ಮಾದರಿಯಾಗಿಟ್ಟುಕೊಂಡು ನಮ್ಮ ಬೀದಿಯ ನಾಯಿಯೊಂದರ ಮೊಸಾಯಿಕ್ ಮಾಡುತ್ತಿದ್ದೇನೆ.

ಅದೇ ಊರಿನ ಇನ್ನೊಂದು ಮನೆಯಲ್ಲಿ ಸಿಕ್ಕಿ, ಈಗ ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿರುವ ಕಡಲಜೀವಿಗಳ ಮೊಸಾಯಿಕ್ ಕೂಡ ಪ್ರಸಿದ್ಧ. ಅದರಲ್ಲಿ ಆಕ್ಟೋಪಸ್ ಲಾಬ್‌ಸ್ಟರನ್ನು ಬಿಗಿಹಿಡಿದಿದೆ, ಸುತ್ತಲಿನ ಮೀನುಗಳಲ್ಲಿ ಅನೇಕವನ್ನು ಜಾತಿ ಹಿಡಿದು ಗುರುತಿಸಬಹುದು. ಆದರೆ ಕೆಲವೇ ಮಿಲಿಮೀಟರ್ ಅಗಲದ ಬಣ್ಣದ ಚೂರುಗಳಿಂದ ನೆರಳು ಬೆಳಕನ್ನು ತರುವ ಆ ಬಗೆ ಕುಂಚದ ಚಿತ್ರದೊಡನೆ ಸ್ಪರ್ಧೆಗಿಳಿದಂತೆ ಕಾಣುತ್ತದೆ. ಇಂದು ಕಲಿಯುವವರು ರೋಮಿನ ಬಂದರಾಗಿದ್ದ ಓಸ್ಟಿಯಾದ ಕಪ್ಪು ಬಿಳುಪಿನ ನೆಲಗಳಿಂದ ಆರಂಭಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅಲ್ಲಿನ ನೆಪ್ಚೂನನ ಸ್ನಾನಗೃಹದಲ್ಲಿ ಆ ಕಡಲದೇವತೆಯ ರಥವೆಳೆಯುವ, ಮೀನಿನ ಬಾಲದ ಕುದುರೆಗಳು ಬಿಳಿ ನೆಲದ ಮೇಲಿನ ಕಪ್ಪು ಆಕೃತಿಗಳು ಮಾತ್ರ. ಅವುಗಳ ಸ್ನಾಯು, ಕಣ್ಣು, ಕೇಸರಗಳನ್ನು ಒಳಗಿನ ತೆಳುವಾದ ಬಿಳಿ ಗೆರೆಗಳೇ ತೋರಿಸುತ್ತವೆ.

ಬಣ್ಣ ಕೈಬಿಟ್ಟಾಗ ಉಳಿಯುವುದು ಸಾಲಿನ ದಿಕ್ಕು. ನಾಯಿಯ ಪಕ್ಕೆಲುಬಿನ ಮೇಲೆ ಚೂರುಗಳನ್ನು ಹೊಟ್ಟೆಯತ್ತ ಬಾಗಿಸಿ ಜೋಡಿಸಿದರೆ ಮೈ ದುಂಡಗಾಗುತ್ತದೆ, ಅದೇ ಚೂರುಗಳನ್ನು ಅಡ್ಡಡ್ಡ ನೇರವಾಗಿ ಕೂರಿಸಿದರೆ ಹಲಗೆಯಂತೆ ಚಪ್ಪಟೆಯಾಗುತ್ತದೆ. ರೋಮನ್ ಕುಶಲಕರ್ಮಿಗಳು ಆಕೃತಿಯ ಅಂಚಿಗೆ ಒತ್ತಿ ಒಂದೆರಡು ಸಾಲು ಬಿಳಿ ಕಲ್ಲನ್ನು ಸುತ್ತಿಸಿ, ಅನಂತರವಷ್ಟೇ ಉಳಿದ ಹಿನ್ನೆಲೆಯನ್ನು ನೇರ ಸಾಲುಗಳಿಂದ ತುಂಬುತ್ತಿದ್ದರು; ಈ ಸುತ್ತುಸಾಲು ಇಲ್ಲದಿದ್ದರೆ ಹಿನ್ನೆಲೆಯ ಮೂಲೆಮೂಲೆಯಾದ ಚೂರುಗಳು ಕಿವಿ, ಮೂತಿಗಳ ಗೆರೆಯನ್ನು ಕಚ್ಚಿಹಾಕುತ್ತವೆ.

ನಾನು ಬಳಸುವುದು ಕಡಪ ಕಲ್ಲು ಹಾಗೂ ಬಿಳಿ ಅಮೃತಶಿಲೆಯ ಉಳಿಕೆ ತುಂಡುಗಳು. ಸಂದಿಗಳಿಗೆ ತುಂಬುವ ಗ್ರೌಟ್ ಬೂದು ಬಣ್ಣದ್ದೇ ಇರಬೇಕು: ಬಿಳಿಯದಾದರೆ ಕಪ್ಪು ಮೈ ಜಾಳಿಗೆಯಂತಾಗುತ್ತದೆ, ಕಪ್ಪಾದರೆ ಹಿನ್ನೆಲೆ ಒಡೆದುಹೋಗುತ್ತದೆ. ಪಾಂಪೆಯ ನಾಯಿಯ ಕೆಂಪು ಕೊರಳಪಟ್ಟಿಯನ್ನೂ ಸರಪಳಿಯನ್ನೂ ಬಿಟ್ಟಿದ್ದೇನೆ, ಏಕೆಂದರೆ ಬೀದಿ ನಾಯಿಗೆ ಕಾಯಲು ಮನೆಯೇ ಇಲ್ಲ.